ಮೀನಿನ ಮೇಷ್ಟ್ರ ಅಂಚೆ: ಆಸ್ಕರ್‌ಗೆ ಎಷ್ಟು ಅಡಿಯ ತೊಟ್ಟಿ?

ಪ್ರಶ್ನೆ: ಮೇಷ್ಟ್ರೇ, ಆರು ತಿಂಗಳ ಹಿಂದೆ ಮಗಳ ಹಟಕ್ಕೆ ಎರಡು ಆಸ್ಕರ್ ಮರಿಗಳನ್ನು ತಂದೆ. ಆಗ ಎರಡಿಂಚು ಇದ್ದವು, ಈಗ ಹತ್ತಿರ ಹತ್ತಿರ ಗೇಣುದ್ದ. ತೊಟ್ಟಿ 2 ಅಡಿ ಉದ್ದ, ಅಗಲ ಮತ್ತು ಎತ್ತರ ಒಂದೊಂದು ಅಡಿ. ‘ತೊಟ್ಟಿ ಇದ್ದಷ್ಟೇ ಮೀನು ಬೆಳೆಯುವುದು’ ಎಂದಿದ್ದರು ಅಂಗಡಿಯವರು. ಒಂದರ ತಲೆಯ ಮೇಲೆ ಸೂಜಿ ಚುಚ್ಚಿದಂತೆ ಗುಂಡಿಗಳು ಬಿದ್ದಿವೆ. ದೊಡ್ಡ ತೊಟ್ಟಿ ಮಾಡಿಸುವುದಾದರೆ ಅಳತೆ ಎಷ್ಟು? ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ.
– ಓದುಗರು, ಕ್ಯಾತ್ಸಂದ್ರ

ಉತ್ತರ: ಅಂಗಡಿಯವರ ಆ ಮಾತನ್ನು ನಾನೂ ನಂಬಿ ಕೆಟ್ಟವನೇ. ತುಮಕೂರಿನ ಅಶೋಕನಗರದಲ್ಲಿ ಬಾಡಿಗೆಗಿದ್ದಾಗ 3 ಅಡಿ ಉದ್ದ, 1 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಮಾಡಿಸಿದ್ದೆ. ಗಾಜಿನ ಬೀರುವಿನಂತೆ ಠೀವಿಯಿಂದ ನಿಂತಿತ್ತು, ಬಂದವರೆಲ್ಲ ಹೊಗಳಿದರು. ಅದರೊಳಗಿನ ಆಸ್ಕರ್ 11 ಇಂಚಾಯಿತು. ಗಾಜಿನ ದಪ್ಪ ಕಳೆದರೆ ಒಳಗಿನ ಅಗಲ 12 ಇಂಚೂ ಇಲ್ಲ. ಪಾಪ, ಪ್ರತಿ ಸಲ ತಿರುಗುವಾಗಲೂ ಬಿಲ್ಲಿನಂತೆ ಬಾಗಬೇಕು. ಗಾಜಿಗೆ ಉಜ್ಜಿ ಉಜ್ಜಿ ಮೂತಿ ಕೆಂಪಾಯಿತು. ಕೊನೆಗೆ ಗುಬ್ಬಿಯ ಗೆಳೆಯರೊಬ್ಬರ ಸಿಮೆಂಟ್ ತೊಟ್ಟಿಗೆ ಬಿಟ್ಟೆ. ಸ್ವಲ್ಪ ಹೊತ್ತು ಅಲುಗಾಡದೆ ನಿಂತಿದ್ದು, ಆಮೇಲೆ ಕತ್ತಲಾಗುವವರೆಗೂ ಸುತ್ತು ಹಾಕುತ್ತಲೇ ಇತ್ತು.

ಆಸ್ಕರ್ ಅಮೆಜಾನ್ ಕಡೆಯ ಮೀನು. ಚೆನ್ನಾಗಿ ಸಾಕಿದರೆ ಒಂದಡಿ ಬೆಳೆಯುತ್ತದೆ. ಮೊದಲ ವರ್ಷ ತಿಂಗಳಿಗೆ ಇಂಚಿನಂತೆ ಏರುವುದುಂಟು. ಚಿಕ್ಕ ತೊಟ್ಟಿಯಲ್ಲಿ ಬೆಳವಣಿಗೆ ಕುಂಠಿತವಾಗುವುದು ಮೀನು ಜಾಗಕ್ಕೆ ಹೊಂದಿಕೊಂಡದ್ದರಿಂದಲ್ಲ, ತನ್ನ ಕೊಳೆಯಲ್ಲೇ ಬದುಕಬೇಕಾದ್ದರಿಂದ. ಮೀನು ಕಿವಿರಿನಿಂದ ಅಮೋನಿಯಾ ಹೊರಹಾಕುತ್ತದೆ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಅಲ್ಲಿಂದ ನೈಟ್ರೇಟ್ ಮಾಡುತ್ತವೆ. ಆ ನೈಟ್ರೇಟ್ ನೀರು ಬದಲಿಸುವವರೆಗೂ ಅಲ್ಲೇ ಕೂಡುತ್ತಾ ಹೋಗುತ್ತದೆ. ನಿಮ್ಮ ತೊಟ್ಟಿ 2 ಘನ ಅಡಿ, ಅಂಚಿನವರೆಗೆ ತುಂಬಿದರೂ 57 ಲೀಟರ್. ನಾಲ್ಕು ಕೊಡದಷ್ಟು ನೀರು. ತಲೆಯ ಗುಂಡಿಗಳಿಗೆ ಮೊದಲು ಸಂಶಯಪಡಬೇಕಾದದ್ದು ಈ ನೀರನ್ನೇ.

ಇನ್ನು ಅಳತೆ. ಎಲ್ಲರೂ ಉದ್ದ ಕೇಳುತ್ತಾರೆ, ನಾನು ಅಗಲ ಕೇಳುತ್ತೇನೆ. ಒಂದಡಿಯ ಮೀನು ಮೈ ಬಗ್ಗಿಸದೆ ತಿರುಗಬೇಕಾದರೆ ಒಂದೂವರೆ ಅಡಿ ಅಗಲವಾದರೂ ಬೇಕು, ಎರಡಾದರೆ ನೆಮ್ಮದಿ. ಒಂದೇ ಆಸ್ಕರ್ ಆಗಿದ್ದರೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಸಾಕೆನ್ನುತ್ತಿದ್ದೆ; ಅದರಲ್ಲಿ 255 ಲೀಟರ್ ಹಿಡಿಯುತ್ತದೆ. ನಿಮ್ಮವು ಎರಡು. 5 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರ ಮಾಡಿಸಿ: 425 ಲೀಟರ್. ಗಾಜು ಕೂಡಿಸುವವರು ‘ಎತ್ತರ ಎರಡಡಿ ಮಾಡೋಣ, ನೋಟ ಚೆನ್ನ’ ಎಂದರೆ ಒಪ್ಪಬೇಡಿ. ಗಾಜಿನ ಮೇಲಿನ ಒತ್ತಡ ಏರುವುದು ಆಳದಿಂದ, ಆಗ ದಪ್ಪ ಗಾಜಿಗೆ ಹಣ ತೆರಬೇಕು.

ನಿಮ್ಮ ಮಹಡಿಗೂ ಇದೇ ಲೆಕ್ಕ. ಒಂದೂವರೆ ಅಡಿ ನೀರು ಚದರಡಿಗೆ 42 ಕಿಲೋ ಭಾರ ಹಾಕಿದರೆ ಎರಡಡಿ ನೀರು 57 ಕಿಲೋ ಹಾಕುತ್ತದೆ, ಉದ್ದ ಎಷ್ಟೇ ಇರಲಿ. ಗಾಜು, ಸ್ಟ್ಯಾಂಡು ಸೇರಿ ಒಟ್ಟು ಅರ್ಧ ಟನ್ ದಾಟುತ್ತದೆ. ಕೋಣೆಯ ನಡುವೆಯೂ ಬೇಡ, ಬಾಲ್ಕನಿಯಲ್ಲಂತೂ ಬೇಡವೇ ಬೇಡ. ಕೆಳಗೆ ತೊಲೆ ಇರುವ ಗೋಡೆಯ ಪಕ್ಕ ಇಡಬೇಕು. ಯಾವುದು ಆ ಗೋಡೆ ಎಂಬುದನ್ನು ಎಂಜಿನಿಯರರೊಬ್ಬರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ, ಮನೆ ಮಾಲೀಕರಿಗೂ ಮೊದಲೇ ಹೇಳಿ. ಅವರು ಒಪ್ಪದಿದ್ದರೆ ತೊಟ್ಟಿಯನ್ನು ಕಿರಿದು ಮಾಡಬೇಡಿ, ಮೀನುಗಳನ್ನು ಜಾಗವಿರುವವರಿಗೆ ಕೊಡಿ. ಮಗಳಿಗೆ ಗಪ್ಪಿ ಎಂಬ ಪುಟ್ಟ ಮೀನು ತಂದುಕೊಡಿ.

ತೊಟ್ಟಿ ಬರುವವರೆಗೆ ದಿನ ಬಿಟ್ಟು ದಿನ ಮೂರರಲ್ಲೊಂದು ಪಾಲು ನೀರು ಬದಲಿಸಿ, ಊಟ ಕಡಿಮೆ ಮಾಡಿ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಡಿ. ಹಳೆಯ ಫಿಲ್ಟರಿನ ಸ್ಪಂಜನ್ನು ತೊಳೆಯದೆ, ಎಸೆಯದೆ, ಹಾಗೆಯೇ ಹೊಸ ತೊಟ್ಟಿಗೂ ಹಾಕಿ. ಬ್ಯಾಕ್ಟೀರಿಯಾ ಇರುವುದು ಅದರಲ್ಲೇ. ಮುಚ್ಚಳ ಮರೆಯಬೇಡಿ, ಆಸ್ಕರ್ ಹಾರುತ್ತದೆ.

ಪ್ರಶ್ನೆ: 3 ಅಡಿ ತೊಟ್ಟಿಯಲ್ಲಿ ನಾಲ್ಕು ಶಾರ್ಕ್ ಮರಿಗಳಿವೆ. ಮುಂದೆ 4 ಅಡಿಯದು ಸಾಕೇ?
– ಓದುಗರು, ಕೋಲಾರ

ಉತ್ತರ: ಸಾಲದು. 6 ಅಡಿಯದೂ ಸಾಲದು. ಅದು ಶಾರ್ಕ್ ಅಲ್ಲ, ಪಂಗಾಸ್ ಎಂಬ ಕ್ಯಾಟ್‌ಫಿಶ್. ಮೆಕಾಂಗ್ ನದಿಯ ಮೀನು, ನಾಲ್ಕು ಅಡಿಯವರೆಗೂ ಬೆಳೆಯಬಲ್ಲದು. ಆಂಧ್ರದ ಕೊಳಗಳಲ್ಲಿ ಊಟಕ್ಕೆಂದೇ ಸಾಕುತ್ತಾರೆ. ಹೋಟೆಲಿನಲ್ಲಿ ಬಾಸಾ ಎಂದು ನೀವೇ ತಿಂದಿರಬಹುದು. ಗುಂಪಿನಲ್ಲಿರುವ ಜೀವಿ, ಬೆದರಿದರೆ ಗಾಜಿಗೆ ತಲೆ ಗುದ್ದಿಕೊಳ್ಳುತ್ತದೆ. ಮರಿಗಳಿದ್ದಾಗಲೇ ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಇದನ್ನು ಸಾಕುವ ಮೀನುಗಾರಿಕೆ ಕೊಳದವರಿಗೆ ಕೊಡಿ. ಊರ ಕೆರೆಗೆ ಮಾತ್ರ ಬಿಡಬೇಡಿ.