ನಿದ್ದೆ ಬಿಟ್ಟು ದುಡಿಯುವವರ ಪ್ರಶ್ನೆಗಳು

ನಿದ್ದೆಯ ಕುರಿತು ಪ್ರಶ್ನೆಗಳನ್ನು ಆಹ್ವಾನಿಸಿದಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ. ನಮ್ಮ ವೈದ್ಯ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ರಾತ್ರಿಯೆಲ್ಲ ಕಾರ್ಖಾನೆಗೆ ಕಬ್ಬು ಸಾಗಿಸುತ್ತಾರೆ. ಉಳಿದ ದಿನಗಳಲ್ಲಿ ತ್ರೀ ಫೇಸ್ ಕರೆಂಟ್ ಬಂದ ಹೊತ್ತಿಗೆ ಎದ್ದು ಹೊಲಕ್ಕೆ ನೀರು ಹಾಯಿಸುತ್ತಾರೆ. ಮಲಗಿದರೆ ಪಕ್ಕದ ಮನೆಗೂ ಕೇಳುವಷ್ಟು ಗೊರಕೆ. ನಡುನಡುವೆ ಗೊರಕೆ ಒಮ್ಮೆಲೇ ನಿಂತು, ಉಸಿರೇ ಇಲ್ಲದಂತಾಗಿ, ಆಮೇಲೆ ಗಕ್ಕನೆ ಉಸಿರೆಳೆದುಕೊಳ್ಳುತ್ತಾರೆ. ಹಗಲು ಊಟಕ್ಕೆ ಕುಳಿತಲ್ಲೇ ತೂಕಡಿಸುತ್ತಾರೆ. ಕೇಳಿದರೆ ದುಡಿದ ದಣಿವು ಎನ್ನುತ್ತಾರೆ. ಗೊರಕೆ ಬಂದರೆ ಗಾಢ ನಿದ್ದೆ ಬಂದಿದೆ ಎಂದೇ ಅರ್ಥ ಎಂದು ಅತ್ತೆಯವರು ಹೇಳುತ್ತಾರೆ. ನನಗೆ ಭಯವಾಗುತ್ತಿದೆ.
– ಓದುಗರು, ಮುಧೋಳ ತಾಲ್ಲೂಕು

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ತಾಯಿ. ಗೊರಕೆ ನಿಂತು ಉಸಿರು ಕಟ್ಟುವುದನ್ನು ನೀವು ಗಮನಿಸಿದ್ದೇ ಈ ಪತ್ರದ ಅತ್ಯಂತ ಮುಖ್ಯ ಸಂಗತಿ, ಏಕೆಂದರೆ ಮಲಗಿದವರಿಗೆ ಅದರ ನೆನಪೇ ಇರುವುದಿಲ್ಲ. ಪಕ್ಕದಲ್ಲಿದ್ದವರು ಹೇಳದಿದ್ದರೆ ವೈದ್ಯರಿಗೂ ತಿಳಿಯುವುದು ಕಷ್ಟ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಕಿರಿದಾದಾಗ ಗೊರಕೆ ಬರುತ್ತದೆ. ಆ ದಾರಿ ಪೂರ್ತಿ ಮುಚ್ಚಿಕೊಂಡಾಗ ಗೊರಕೆಯ ಜೊತೆಗೆ ಉಸಿರೂ ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯತೊಡಗುತ್ತದೆ, ಆಗ ಮೆದುಳು ಮನುಷ್ಯನನ್ನು ಅರೆ ಎಚ್ಚರಗೊಳಿಸಿ ಉಸಿರೆಳೆಯುವಂತೆ ಮಾಡುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚಿನ ಇಂಥ ತಡೆಗಳು ಗಂಟೆಗೆ 5ಕ್ಕಿಂತ ಹೆಚ್ಚು ಸಲ ಆಗುತ್ತಿದ್ದು, ಹಗಲಿನ ತೂಕಡಿಕೆಯೂ ಇದ್ದರೆ ವೈದ್ಯರು ಅದನ್ನು ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆಯೆಂದು ಗುರುತಿಸುತ್ತಾರೆ. 30 ದಾಟಿದರೆ ತೀವ್ರವಾದದ್ದೆಂದು ಪರಿಗಣಿಸುತ್ತಾರೆ. ಹೀಗೆ ರಾತ್ರಿಯಿಡೀ ತುಂಡುತುಂಡಾದ ನಿದ್ದೆ ಎಂಟು ತಾಸಿನದ್ದಾದರೂ ದಣಿವನ್ನು ಕಳೆಯುವುದಿಲ್ಲ. ನಿಮ್ಮ ಅತ್ತೆಯವರ ನಂಬಿಕೆ ನಮ್ಮ ಅನೇಕ ಮನೆಗಳಲ್ಲಿದೆ, ಅದರಿಂದಾಗಿಯೇ ಈ ಕಾಯಿಲೆ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತದೆ. ಅಷ್ಟರಲ್ಲಿ ರಕ್ತದೊತ್ತಡ ಏರಿರುತ್ತದೆ, ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚಿರುತ್ತದೆ.

ಆದರೆ ಎಲ್ಲಕ್ಕಿಂತ ಮೊದಲು ಟ್ರ್ಯಾಕ್ಟರಿನ ಮಾತು. ಊಟಕ್ಕೆ ಕುಳಿತಲ್ಲೇ ತೂಕಡಿಸುವ ವ್ಯಕ್ತಿ ಸ್ಟೀರಿಂಗ್ ಹಿಡಿದಾಗಲೂ ತೂಕಡಿಸುತ್ತಾರೆ. ಒಂದೆರಡು ಸೆಕೆಂಡು ಕಣ್ಣು ಮುಚ್ಚಿ ತೆರೆದದ್ದು ಅವರ ಅರಿವಿಗೂ ಬರುವುದಿಲ್ಲ. ಸುಮಾರು 17 ತಾಸು ಸತತವಾಗಿ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಅದಕ್ಕಿಂತ ಕಡಿಮೆ, ಅಂದರೆ 0.03. ಕುಡಿದು ವಾಹನ ನಡೆಸುವವರನ್ನು ತಪ್ಪಿತಸ್ಥರೆಂದು ಕಾಣುವ ನಾವು, ಎರಡು ರಾತ್ರಿ ನಿದ್ದೆಗೆಟ್ಟು ಕಬ್ಬಿನ ಲೋಡು ಮುಟ್ಟಿಸಿದವರನ್ನು ಗಟ್ಟಿಗರೆಂದು ಹೊಗಳುತ್ತೇವೆ. ಹಿಂದಿನ ದೀಪವೂ ಇಲ್ಲದ ಟ್ರೇಲರುಗಳು ಸಾಲುಗಟ್ಟಿ ಹೋಗುವ ಮುಧೋಳ, ಜಮಖಂಡಿಯ ರಸ್ತೆಗಳಲ್ಲಿ ಈ ಹೊಗಳಿಕೆ ಎಷ್ಟು ಅಪಾಯಕಾರಿ ಎಂಬುದನ್ನು ಹಂಗಾಮಿನಲ್ಲಿ ಅಲ್ಲಿ ಓಡಾಡಿದವರೆಲ್ಲ ಬಲ್ಲರು. ಚಿಕಿತ್ಸೆ ಆರಂಭವಾಗಿ ತೂಕಡಿಕೆ ನಿಲ್ಲುವವರೆಗೆ ಅವರು ಟ್ರ್ಯಾಕ್ಟರ್ ನಡೆಸಬಾರದು. ಆದಾಯಕ್ಕೆ ಪೆಟ್ಟು ಬೀಳುತ್ತದೆ ಎಂಬುದು ನನಗೆ ಗೊತ್ತು, ಆದರೂ ಇದನ್ನು ಹೇಳಲೇಬೇಕಾಗಿದೆ.

ಅವರು ಮಲಗಿದಾಗ ಮೊಬೈಲಿನಲ್ಲಿ ಐದು ನಿಮಿಷದ ವಿಡಿಯೋ ಮಾಡಿಕೊಳ್ಳಿ. ಬೆಳಗಾವಿ, ಬಾಗಲಕೋಟೆ ಅಥವಾ ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಶ್ವಾಸಕೋಶ ವಿಭಾಗದವರಿಗೆ ಇಲ್ಲವೇ ಕಿವಿ, ಮೂಗು, ಗಂಟಲಿನ ತಜ್ಞರಿಗೆ ಅದನ್ನು ತೋರಿಸಿ, ನಿದ್ದೆಯ ಪರೀಕ್ಷೆ ಎಲ್ಲಿ ಆಗುತ್ತದೆಂದು ವಿಚಾರಿಸಿ. ಕಾಯಿಲೆ ಖಚಿತವಾದರೆ ಸಾಮಾನ್ಯವಾಗಿ ಸಿಪ್ಯಾಪ್ ಎಂಬ ಯಂತ್ರವನ್ನು ಸೂಚಿಸುತ್ತಾರೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್ 1981ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಮೂಗಿಗೆ ಹಾಕಿದ ಮಾಸ್ಕಿನ ಮೂಲಕ ಗಾಳಿಯನ್ನು ಮೆಲ್ಲನೆ ಒತ್ತಿ ಗಂಟಲಿನ ದಾರಿ ಮುಚ್ಚದಂತೆ ತಡೆಯಲಾಗುತ್ತದೆ. ಬೊಜ್ಜಿದ್ದರೆ ತೂಕ ಇಳಿಸುವುದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು ಸಹಾಯಕ್ಕೆ ಬರುತ್ತವೆ. ಒಳ್ಳೆಯ ನಿದ್ದೆ ಬರಲೆಂದು ನಿದ್ದೆ ಮಾತ್ರೆ ಕೊಡಲೇಬೇಡಿ. ಮದ್ಯದಂತೆ ಅನೇಕ ನಿದ್ದೆ ಮಾತ್ರೆಗಳೂ ಗಂಟಲಿನ ಸ್ನಾಯುಗಳನ್ನು ಮತ್ತಷ್ಟು ಸಡಿಲಗೊಳಿಸುತ್ತವೆ.

ಪ್ರಶ್ನೆ: ವಿದ್ಯುತ್ ಮಗ್ಗದಲ್ಲಿ ಕೆಲಸ ಮಾಡುತ್ತೇನೆ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿ ಮುಗಿಸಿ ಬಂದರೆ ಎರಡು ತಾಸಿಗೇ ಎಚ್ಚರವಾಗುತ್ತದೆ. ಔಷಧ ಅಂಗಡಿಯಲ್ಲಿ ಕೊಟ್ಟ ಮಾತ್ರೆಯನ್ನು ಮೂರು ತಿಂಗಳಿಂದ ನುಂಗುತ್ತಿದ್ದೇನೆ.
– ಓದುಗರು, ಬನಹಟ್ಟಿ

ಉತ್ತರ: ಮೊದಲು ಮಾತ್ರೆಯ ವಿಚಾರ. ವೈದ್ಯರ ಚೀಟಿ ಇಲ್ಲದೆ ಇಂಥ ಮಾತ್ರೆಗಳನ್ನು ಮಾರುವಂತಿಲ್ಲ. ಮೂರು ತಿಂಗಳು ನಿತ್ಯ ತೆಗೆದುಕೊಂಡಿದ್ದರೆ ದೇಹ ಅದಕ್ಕೆ ಒಗ್ಗಿರಬಹುದು, ಆದ್ದರಿಂದ ಒಂದೇ ದಿನದಲ್ಲಿ ನಿಲ್ಲಿಸಬೇಡಿ. ಮಾತ್ರೆಯ ಹಾಳೆಯನ್ನೇ ಕೊಂಡೊಯ್ದು ವೈದ್ಯರಿಗೆ ತೋರಿಸಿ, ಅವರು ಹೇಳಿದ ಕ್ರಮದಲ್ಲಿ ಹಂತಹಂತವಾಗಿ ಕಡಿಮೆ ಮಾಡಿ.

ನಿಮ್ಮ ದೇಹದೊಳಗೆ ದಿನದ ಲೆಕ್ಕವಿಡುವ ಒಂದು ವ್ಯವಸ್ಥೆಯಿದೆ. ಅದು ಜೀವಕೋಶಗಳ ಒಳಗೆ ಹೇಗೆ ನಡೆಯುತ್ತದೆಂಬುದನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಷ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ವ್ಯವಸ್ಥೆ ಮುಖ್ಯವಾಗಿ ಬೆಳಕನ್ನು ನೋಡಿ ನಡೆಯುತ್ತದೆ. ಬೆಳಗಿನ ಬಿಸಿಲಿನಲ್ಲಿ ಮನೆಗೆ ನಡೆದುಬಂದು ಮಲಗಿದರೆ, ಕಣ್ಣಿಗೆ ಬಿದ್ದ ಬೆಳಕು ಏಳುವ ಹೊತ್ತಾಯಿತೆಂದು ಮೆದುಳಿಗೆ ತಿಳಿಸಿರುತ್ತದೆ. ಮನೆಯ ತನಕ ಕಪ್ಪು ಕನ್ನಡಕ ಹಾಕಿಕೊಳ್ಳಿ, ಆದರೆ ಬೈಕು ಓಡಿಸುತ್ತಿದ್ದರೆ ಬೇಡ, ತೂಕಡಿಕೆ ಹೆಚ್ಚೀತು. ಮಲಗುವ ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ. ಪಾಳಿಗೆ ಹೋಗುವ ಮುನ್ನ ಸಂಜೆ ಒಂದು ತಾಸು ಮಲಗಿ. ಚಹಾದಲ್ಲಿರುವ ಕೆಫೀನ್ ಅರ್ಧದಷ್ಟು ಕಡಿಮೆಯಾಗಲು ಐದಾರು ತಾಸು ಬೇಕು, ಆದ್ದರಿಂದ ಮಧ್ಯರಾತ್ರಿಯ ನಂತರ ಚಹಾ ಬೇಡ. ನಸುಕಿನ ನಾಲ್ಕಕ್ಕೆ ಕುಡಿದ ಚಹಾ ಬೆಳಗಿನ ನಿಮ್ಮ ನಿದ್ದೆಯನ್ನು ಕೆಡಿಸುತ್ತದೆ.

ಇದರಲ್ಲಿ ಮನೆಯವರ ಪಾಲು ದೊಡ್ಡದು. ರಾತ್ರಿ ಮಲಗಿದವರನ್ನು ಎರಡು ಗಂಟೆಗೆ ಎಬ್ಬಿಸಿ ರೇಷನ್ ತರಲು ಕಳಿಸುವವರಿಲ್ಲ. ಹಗಲು ಮಲಗಿದ ನೇಕಾರನನ್ನು ಮಾತ್ರ ಯಾರು ಬೇಕಾದರೂ ಎಬ್ಬಿಸಬಹುದೆಂಬ ರೂಢಿ ನಮ್ಮಲ್ಲಿದೆ. ಇದು ನಿಲ್ಲಬೇಕು. ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ, ಮತ್ತೆ 2019ರಲ್ಲಿ, ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗದಲ್ಲಿ ಇರಿಸಿದೆ. ಇದನ್ನು ಓದಿ ಗಾಬರಿಯಾಗಬೇಕಿಲ್ಲ, ಆದರೆ ಪಾಳಿಯವರ ಹಗಲು ನಿದ್ದೆಯನ್ನು ಸೋಮಾರಿತನವೆಂದು ಕರೆಯುವವರು ಇದನ್ನು ತಿಳಿದಿರಬೇಕು.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ. ರಾತ್ರಿ ಒಂದರವರೆಗೆ ಓದಿ, ಬೆಳಗ್ಗೆ ನಾಲ್ಕೂವರೆಗೆ ಏಳುತ್ತಾಳೆ. ಓದಿದ್ದು ನೆನಪಿರುವುದಿಲ್ಲ ಎಂದು ಅಳುತ್ತಾಳೆ. ಬೇಸಿಗೆ ಬಂದರೆ ಸೆಕೆಗೆ ಇನ್ನೂ ನಿದ್ದೆಯಿಲ್ಲ.
– ಓದುಗರು, ವಿಜಯಪುರ

ಉತ್ತರ: ಓದಿದ್ದು ಮೆದುಳಿನಲ್ಲಿ ಗಟ್ಟಿಯಾಗುವ ಕೆಲಸದ ಬಹುಭಾಗ ನಡೆಯುವುದು ನಿದ್ದೆಯಲ್ಲಿಯೇ. ಆಕೆಯ ವಯಸ್ಸಿಗೆ 8ರಿಂದ 10 ತಾಸು ನಿದ್ದೆ ಬೇಕು, ಸಿಗುತ್ತಿರುವುದು ಮೂರೂವರೆ ತಾಸು. ಮರೆವಿಗೆ ಬೇರೆ ಕಾರಣ ಹುಡುಕುವ ಮೊದಲು ಇದನ್ನು ಸರಿಪಡಿಸಿ. ನಸುಕಿನಲ್ಲಿ ಎದ್ದು ಓದುವುದು ಒಳ್ಳೆಯ ಅಭ್ಯಾಸವೆಂದು ಹಿರಿಯರು ಹೇಳುತ್ತಿದ್ದರು ನಿಜ, ಆದರೆ ಅವರ ಕಾಲದಲ್ಲಿ ಮನೆಯ ದೀಪ ಒಂಬತ್ತಕ್ಕೇ ಆರುತ್ತಿತ್ತು. ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತು ಸಹಜವಾಗಿಯೇ ತಡವಾಗುತ್ತದೆ, ಆದ್ದರಿಂದ ಹತ್ತೂವರೆಗೆ ಮಲಗಿ ಆರೂವರೆಗೆ ಏಳುವುದು ಅವಳಿಗೆ ಹೊಂದೀತು. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ನಿದ್ದೆ ಹತ್ತಲು ದೇಹದ ಒಳಗಿನ ಶಾಖ ಸ್ವಲ್ಪ ಇಳಿಯಬೇಕು. ವಿಜಯಪುರದ ಬೇಸಿಗೆಯಲ್ಲಿ ಮಾಳಿಗೆಯ ಕೋಣೆ ನಡುರಾತ್ರಿಯಾದರೂ ತಣಿಯುವುದಿಲ್ಲ. ಮಲಗುವ ಒಂದು ತಾಸು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಲಿ, ಸಾಧ್ಯವಿದ್ದರೆ ನೆಲಮಹಡಿಯಲ್ಲಿ, ಇಲ್ಲವೇ ತಾಯಿಯ ಜೊತೆ ಸೊಳ್ಳೆಪರದೆ ಕಟ್ಟಿಕೊಂಡು ಬಯಲಿನಲ್ಲಿ ಮಲಗಲಿ.

ಪ್ರಶ್ನೆ: ನಿವೃತ್ತ ಶಿಕ್ಷಕ, ವಯಸ್ಸು 68. ಒಂಬತ್ತಕ್ಕೆ ಮಲಗಿದರೆ ಮೂರಕ್ಕೆ ಎಚ್ಚರ. ಇದು ರೋಗವೇ?
– ಓದುಗರು, ಗೋಕಾಕ

ಉತ್ತರ: ವಯಸ್ಸಾದಂತೆ ನಿದ್ದೆ ಹಗುರವಾಗುವುದೂ ಬೇಗ ಬಂದು ಬೇಗ ಮುಗಿಯುವುದೂ ಸಾಮಾನ್ಯ, ಗುರುಗಳೇ. ಒಂಬತ್ತರಿಂದ ಮೂರಕ್ಕೆ ಆರು ತಾಸಾಯಿತು. ಮಧ್ಯಾಹ್ನ ಊಟದ ನಂತರ ಒಂದು ತಾಸು ಮಲಗುತ್ತಿದ್ದರೆ ಏಳಾಯಿತು. ಹಗಲು ಚೈತನ್ಯವಿದ್ದರೆ ಚಿಂತೆ ಬೇಡ. ಬೆಳಗಿನ ತನಕ ಮಲಗುವ ಇಚ್ಛೆಯಿದ್ದರೆ ಮಧ್ಯಾಹ್ನದ ನಿದ್ದೆಯನ್ನು ಅರ್ಧ ತಾಸಿಗೆ ಇಳಿಸಿ, ಸಂಜೆಯ ಬೆಳಕಿನಲ್ಲಿ ತಿರುಗಾಡಿ, ಹತ್ತರ ನಂತರ ಹಾಸಿಗೆಗೆ ಹೋಗಿ. ವಾರಕ್ಕೆ ಮೂರು ರಾತ್ರಿಗಿಂತ ಕಡಿಮೆಯಿಲ್ಲದಂತೆ ಮೂರು ತಿಂಗಳು ನಿದ್ದೆಗೆಟ್ಟು ಹಗಲಿನ ಕೆಲಸಕ್ಕೂ ತೊಂದರೆಯಾದಾಗ ಮಾತ್ರ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮಲಗುವ ಕ್ರಮವನ್ನೂ ನಿದ್ದೆಯ ಕುರಿತ ಆತಂಕವನ್ನೂ ತಿದ್ದುವ ಆಪ್ತಸಲಹೆ. ನಸುಕಿನ ಎಚ್ಚರದೊಂದಿಗೆ ಮನಸ್ಸು ಭಾರವಾಗಿ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಅದು ಖಿನ್ನತೆಯ ಲಕ್ಷಣವಿರಬಹುದು. ಹಾಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.