ಹೈಪೋ ಪಕ್ಕದಲ್ಲಿ ಆಸಿಡ್ ಇಟ್ಟರೆ

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಬೇಸ್‌ಮೆಂಟಿನಲ್ಲಿದೆ. ಹೈಪೋ, ಪ್ಯಾಕ್, ಫಿಲ್ಟರ್ ತೊಳೆಯುವ ಆಸಿಡ್, ಬ್ಲೀಚಿಂಗ್ ಪೌಡರ್ ಎಲ್ಲ ಒಂದೇ ಮೂಲೆಯಲ್ಲಿವೆ. ಮೊನ್ನೆ ಆಪರೇಟರ್ ಪ್ಯಾಕ್ ಟ್ಯಾಂಕಿಗೆ ಬಕೆಟ್ಟಿನಿಂದ ಏನೋ ಸುರಿದಾಗ ಹಸಿರು ಹಳದಿ ಹೊಗೆ ಎದ್ದು ಅವನಿಗೆ ಕೆಮ್ಮು ಹಿಡಿಯಿತು. ಈಗ ಮಾಸ್ಕ್ ಕೊಡಿಸಿದ್ದೇವೆ. ಅಷ್ಟು ಸಾಕೇ?
– ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಸಾಲದು. ನೀವು ಕಂಡದ್ದು ಬಹುತೇಕ ಕ್ಲೋರಿನ್ ಅನಿಲ. ಹೈಪೋ, ಅಂದರೆ ನೀರಿನ ರೋಗಾಣು ಕೊಲ್ಲಲು ಹಾಕುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಕ್ಷಾರೀಯವಾಗಿರುವವರೆಗೆ ತಣ್ಣಗಿರುತ್ತದೆ. ಅದಕ್ಕೆ ಆಮ್ಲ ಬಿದ್ದ ಕೂಡಲೇ ಕ್ಲೋರಿನ್ ಹೊರಬೀಳುತ್ತದೆ. ಆಸಿಡ್ ಅಪಾಯ ಎಂದು ಎಲ್ಲರಿಗೂ ಗೊತ್ತು. ಆದರೆ ಪ್ಯಾಕ್ (ಪಾಲಿ ಅಲ್ಯುಮಿನಿಯಂ ಕ್ಲೋರೈಡ್) ಮತ್ತು ಆಲಂ (ಪಟಿಕ) ದ್ರಾವಣವೂ ಆಮ್ಲೀಯ ಎಂಬುದು ಎಷ್ಟೋ ಆಪರೇಟರ್‌ಗಳಿಗೆ ಯಾರೂ ಹೇಳಿರುವುದಿಲ್ಲ. ‘ನೀರು ತಿಳಿ ಮಾಡೋ ಔಷಧಿ ತಾನೆ’ ಎಂದು ಹೈಪೋ ಅಳೆದ ಬಕೆಟ್ಟಿನಲ್ಲೇ ಪ್ಯಾಕ್ ಅಳೆಯುತ್ತಾರೆ. ನಿಮ್ಮಲ್ಲಿ ಆಗಿದ್ದೂ ಇದೇ ಇರಬೇಕು.

ಇದು ಬರೀ ಅರಿವಿಲ್ಲದ ಆಪರೇಟರ್‌ನ ತಪ್ಪು ಎಂದು ಕೈತೊಳೆದುಕೊಳ್ಳಬೇಡಿ. 2016ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಆಚಿಸನ್ ಪಟ್ಟಣದ ಕಾರ್ಖಾನೆಯೊಂದರಲ್ಲಿ, ಲಾರಿಯಲ್ಲಿ ಬಂದ ಸಲ್ಫ್ಯೂರಿಕ್ ಆಸಿಡ್ ಹೈಪೋ ಟ್ಯಾಂಕಿಗೆ ಹೋಯಿತು. ಹಬ್ಬಿದ ಕ್ಲೋರಿನ್ ಮೋಡದಿಂದ 140ಕ್ಕೂ ಹೆಚ್ಚು ಜನ ಚಿಕಿತ್ಸೆಗೆ ಓಡಬೇಕಾಯಿತು. ಎರಡು ಟ್ಯಾಂಕುಗಳ ಪೈಪ್ ಬಾಯಿಗಳು ಅಕ್ಕಪಕ್ಕದಲ್ಲಿದ್ದವು, ನೋಡಲು ಒಂದೇ ಥರ ಇದ್ದವು, ಹೈಪೋ ಬಾಯಿಗೆ ಬೀಗವೂ ಹಾಕಿರಲಿಲ್ಲ. ನಿಮ್ಮ ಕೋಣೆಯಲ್ಲಿ ಪೈಪ್ ಬದಲು ಒಂದೇ ಬಣ್ಣದ ಕ್ಯಾನ್‌ಗಳಿವೆ, ವ್ಯತ್ಯಾಸ ಅಷ್ಟೇ.

ಹಾಗಾಗಿ ಮೊದಲು ಜಾಗ ಬೇರೆ ಮಾಡಿ. ಹೈಪೋ ಒಂದು ಗೋಡೆಗೆ. ಆಸಿಡ್, ಪ್ಯಾಕ್, ಆಲಂ ಎದುರು ಗೋಡೆಗೆ. ಎರಡೂ ಕಡೆ ಕ್ಯಾನ್‌ಗಳು ಬೇರೆ ಬೇರೆ ಟ್ರೇಗಳಲ್ಲಿರಲಿ. ದೊಡ್ಡ ಕ್ಯಾನ್ ಒಡೆದರೂ ಪೂರ್ತಿ ಹಿಡಿಯುವಷ್ಟು ಟ್ರೇ ಆಳವಿರಬೇಕು. ಚೆಲ್ಲಿದ್ದು ಒಂದೇ ಮೋರಿಯಲ್ಲಿ ಸೇರಿದರೆ ಬೇರೆ ಇಟ್ಟೂ ಪ್ರಯೋಜನವಿಲ್ಲ. ಮಗ್ಗು, ಬಕೆಟ್, ಕೈಪಂಪು ಪ್ರತಿಯೊಂದಕ್ಕೂ ಬೇರೆ, ಬಣ್ಣವೂ ಬೇರೆ. ಲೇಬಲ್ ಆಪರೇಟರ್ ಓದುವ ಭಾಷೆಯಲ್ಲಿರಲಿ. ಹುಡುಗ ಒಡಿಶಾದವನಾದರೆ ಒಡಿಯಾದಲ್ಲೇ ಬರೆಸಿ. ಬ್ಲೀಚಿಂಗ್ ಪೌಡರನ್ನು ಒಣ ಜಾಗದಲ್ಲಿ, ಆಸಿಡ್‌ನಿಂದ ದೂರ ಇಡಿ. ಜನರೇಟರಿನ ಡೀಸೆಲ್, ಎಣ್ಣೆ ಬಟ್ಟೆ ಅದರ ಹತ್ತಿರ ಸುಳಿಯಬಾರದು, ಬೆಂಕಿ ಹೊತ್ತಿಕೊಳ್ಳಬಹುದು.

ಹೈಪೋ ಸೆಖೆಗೆ ಬೇಗ ಶಕ್ತಿ ಕಳೆದುಕೊಂಡು ಆಮ್ಲಜನಕ ಬಿಡುತ್ತದೆ, ಕ್ಯಾನ್ ಉಬ್ಬುತ್ತದೆ. ಗಾಳಿಕಿಂಡಿ ಇರುವ ಮುಚ್ಚಳವೇ ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಬೇಸಿಗೆಯಲ್ಲಿ ರಾಶಿ ಹಾಕಿಕೊಳ್ಳುವುದು ದುಡ್ಡಿಗೂ ದಂಡ.

ಇನ್ನು ಫ್ಯಾನ್. ಬೇಸ್‌ಮೆಂಟ್ ಎಸ್‌ಟಿಪಿಗಳಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ವಸ್ತು ಇದು. ಎಲ್ಲರೂ ಎಕ್ಸಾಸ್ಟನ್ನು ಚಾವಣಿಗೆ ಹಾಕುತ್ತಾರೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲದಲ್ಲೇ ಹರಡಿ ಕೂರುತ್ತದೆ. ಎಳೆಯುವ ಬಾಯಿ ನೆಲದ ಹತ್ತಿರ ಇರಬೇಕು, ಅದರ ಸ್ವಿಚ್ ಕೋಣೆಯ ಹೊರಗಿರಬೇಕು.

ಮಾಸ್ಕ್ ಬಟ್ಟೆಯದೋ ಎನ್-95ಓ ಆಗಿದ್ದರೆ ಅನಿಲಕ್ಕೆ ಅಡ್ಡಿಯೇ ಅಲ್ಲ. ಕ್ಲೋರಿನ್‌ಗೆ ತಕ್ಕ ಕಾರ್ಟ್ರಿಜ್ ಇರುವ ಮುಖಕವಚ ತರಿಸಿ, ಅವಧಿ ಮುಗಿಯುವ ದಿನಾಂಕ ನೋಡುತ್ತಿರಿ. ಮತ್ತೆ ಹೊಗೆ ಎದ್ದರೆ ನೀರು ಸುರಿಯಲು ನಿಲ್ಲದೆ ಮೇಲಕ್ಕೆ, ಬಯಲಿಗೆ ಓಡಬೇಕು. ಕಣ್ಣಿಗೆ ತಾಗಿದ್ದರೆ 15 ನಿಮಿಷ ನೀರಲ್ಲಿ ತೊಳೆಯಬೇಕು. ಹಾಲು ಕುಡಿಸಿ ಮಲಗಿಸುವ ರೂಢಿಯಿಂದ ಶ್ವಾಸಕೋಶಕ್ಕೇನೂ ಲಾಭವಿಲ್ಲ. ಹೆಚ್ಚು ಕ್ಲೋರಿನ್ ಉಸಿರಾಡಿದವರಿಗೆ ಆಗ ಆರಾಮೆನಿಸಿದರೂ ಕೆಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಆದ್ದರಿಂದ ಅಂದೇ ವೈದ್ಯರಿಗೆ ತೋರಿಸಬೇಕು. ನಿಮ್ಮ ಆಪರೇಟರ್‌ಗೆ ಇನ್ನೂ ಕೆಮ್ಮಿದ್ದರೆ ಇವತ್ತೇ ಕಳಿಸಿ.

ಪ್ರಶ್ನೆ: ಎಸ್‌ಟಿಪಿಗೆ ಬರುವ ಕೊಳಚೆ ನೀರು ಸೇರುವ ಕಲೆಕ್ಷನ್ ಟ್ಯಾಂಕಿನ ಹೂಳು ತೆಗೆಯಲು ಬಂದವರು ‘ವಾಸನೆ ನಿಂತಿದೆ, ಇನ್ನು ಇಳಿಯಬಹುದು’ ಅನ್ನುತ್ತಾರೆ. ಸರಿಯೇ?
– ಓದುಗರು, ಮೈಸೂರು

ಉತ್ತರ: ವಾಸನೆ ನಿಂತಿದ್ದೇ ಕೆಟ್ಟ ಲಕ್ಷಣ ಆಗಿರಬಹುದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ದಾಟಿದರೆ ಮೂಗೇ ಮರಗಟ್ಟುತ್ತದೆ. ಹೂಳು ಕಲಕಿದಾಗ ಅದು ಒಮ್ಮೆಲೇ ಮೇಲೇಳುತ್ತದೆ. ಯಾರನ್ನೂ ಇಳಿಸಬೇಡಿ, ಸಕ್ಷನ್ ಲಾರಿ ಕರೆಸಿ. ಮನುಷ್ಯರನ್ನು ಅಪಾಯಕಾರಿಯಾಗಿ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್ (ಮಲ ಹೊರುವ ಪದ್ಧತಿ) ತಡೆ ಕಾಯ್ದೆ ನಿಷೇಧಿಸಿದೆ. ಮೊದಲ ಅಪರಾಧಕ್ಕೇ 2 ವರ್ಷದವರೆಗೆ ಜೈಲಾಗಬಹುದು. ಒಳಚರಂಡಿ ಸಾವುಗಳಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಒಳಗೆ ಒಬ್ಬ ಬಿದ್ದರೆ ಅವನನ್ನು ಎತ್ತಲು ಇನ್ನೊಬ್ಬ ಹಾಗೇ ಇಳಿಯುವುದು ಬೇಡವೇ ಬೇಡ. ಎರಡನೆಯ, ಮೂರನೆಯ ಸಾವುಗಳು ಆಗುವುದೇ ಅಲ್ಲಿ. ಫ್ಯಾನಿನಿಂದ ಗಾಳಿ ಊದುತ್ತ 101 ಅಥವಾ 112ಕ್ಕೆ ಕರೆ ಮಾಡಿ, ಸಿಲಿಂಡರ್ ಗಾಳಿಯ ಉಪಕರಣ ಇರುವ ಅಗ್ನಿಶಾಮಕದವರೇ ಇಳಿಯಲಿ.