ಲೀಟರಿಗೆ 70 ಕಿಲೋಮೀಟರ್ ಕೊಡುವ ಕಾರ್ಬ್ಯುರೇಟರನ್ನು ತೈಲ ಕಂಪನಿಗಳು ಮುಚ್ಚಿಟ್ಟವೇ?

ಇದು ಕೆನಡಾದ ಚಾರ್ಲ್ಸ್ ನೆಲ್ಸನ್ ಪೋಗ್ 1930ರ ದಶಕದಲ್ಲಿ ಪೇಟೆಂಟ್ ಪಡೆದ ಕಾರ್ಬ್ಯುರೇಟರಿನ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗದ) ಕಥೆ. ಗ್ಯಾಲನ್‌ಗೆ 200 ಮೈಲಿ ಎಂಬ ಪ್ರಚಾರ. ಅಂದರೆ ಕಡಿಮೆಯೆಂದರೂ ಲೀಟರಿಗೆ 70 ಕಿಲೋಮೀಟರ್. ಪೆಟ್ರೋಲನ್ನು ಪೂರ್ತಿ ಆವಿಯಾಗಿಸಿದರೆ ಸಾಕು ಎಂಬುದು ವಾದ.

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವುದು, ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ, ಸುಮಾರು 9 ಯೂನಿಟ್ ಶಕ್ತಿ. ಆ ಕಾಲದ ಪೆಟ್ಟಿಗೆಯಂಥ ಕಾರು ಗಾಳಿಯ ಮತ್ತು ಟೈರಿನ ತಡೆಯನ್ನು ಮೀರಿ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ 70 ಕಿಲೋಮೀಟರ್ ದೂರ ಓಡಲು ಹೆಚ್ಚುಕಡಿಮೆ ಅಷ್ಟೂ ಬೇಕು. ರೇಡಿಯೇಟರಿಗೂ ಸೈಲೆನ್ಸರಿಗೂ ಬಿಸಿ ಸೋರಲೇಬಾರದು! ಇಂದಿನ ಉತ್ತಮ ಪೆಟ್ರೋಲ್ ಎಂಜಿನ್ ಕೂಡ ಪೆಟ್ರೋಲಿನ ಶಕ್ತಿಯಲ್ಲಿ ಶೇ. 40ರ ಆಸುಪಾಸನ್ನು ಚಲನೆಗೆ ತಿರುಗಿಸುವಷ್ಟರಲ್ಲೇ ಏದುಸಿರು ಬಿಡುತ್ತದೆ. ಅದರಲ್ಲಿ ಪೆಟ್ರೋಲ್ ಬಹುತೇಕ ಪೂರ್ತಿಯಾಗಿಯೇ ಉರಿಯುತ್ತದೆ. ಆವಿಯಿಂದ ಗಿಟ್ಟುವುದು ಅಲ್ಪ.

ಪೇಟೆಂಟ್ ಸಿಕ್ಕಿದ್ದು ಯಂತ್ರ ಹೇಳಿದಂತೆ ಓಡುತ್ತದೆ ಎನ್ನುವುದಕ್ಕೆ ಪುರಾವೆಯಲ್ಲ. ಮುಚ್ಚಿಟ್ಟ ಮಾತಂತೂ ನಿಲ್ಲುವುದೇ ಇಲ್ಲ: ಆ ಪೇಟೆಂಟ್‌ಗಳು ಬಹಿರಂಗ ದಾಖಲೆಗಳು, ಅವಧಿ ಮುಗಿದು ದಶಕಗಳೇ ಕಳೆದಿವೆ. ಯಾರು ಬೇಕಾದರೂ ತಯಾರಿಸಬಹುದು.

ಅಂಥ ಮೈಲೇಜ್ ಹೇಳಿಕೊಂಡ ಕಾರು ಇಲ್ಲವೆಂದಲ್ಲ: 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಎಕ್ಸ್‌ಎಲ್1 ಅಧಿಕೃತವಾಗಿ 100 ಕಿಲೋಮೀಟರಿಗೆ 0.9 ಲೀಟರ್ ಡೀಸೆಲ್ ಸಾಕೆಂದಿತು. ಅದು ಇಬ್ಬರೇ ಕೂರುವ, 800 ಕಿಲೋ ಕೂಡ ತೂಗದ, ಡೀಸೆಲ್ ಜೊತೆಗೆ ವಿದ್ಯುತ್ತಿನಿಂದಲೂ ಓಡುವ ಹೈಬ್ರಿಡ್. ಗೋಡೆಯ ಪ್ಲಗ್‌ನಿಂದ ತುಂಬಿದ ವಿದ್ಯುತ್ತು ಆ ಅಂಕಿಯಲ್ಲಿ ಸೇರಿಲ್ಲ.